ಅಕ್ಕುಬಿಡುಗಡೆ

ಬೆಳಿಗ್ಗೆ ಮೊದಲ ಪೀರಿಯಡ್ಡು, ಎಂಟನೇ ತರಗತಿ, ಬಿ ವಿಭಾಗ.
ಕರಿಹಲಗೆಯ ಮೇಲೆ ಒಬ್ಬಳನ್ನು ಬರೆದೆ:
ಮುಖ ಪಕ್ಕಕ್ಕೆ, ಕಣ್ಣು ಮಾತ್ರ ಪೂರಾ ನಮ್ಮ ಕಡೆಗೆ.
ನೈಲ್ ನದಿಯ ಹೆಂಗಸರನ್ನು ಹೀಗೇ ಬರೆಯುತ್ತಿದ್ದರು ಎಂದೆ.
'ಮೆಳ್ಳೆಗಣ್ಣಾ ಮಿಸ್?' ಎಂದಳು ತೇಜಾವತಿ.
ತರಗತಿ ನಕ್ಕಿತು.

ಅಗಸೆ ನಾರಿನ ಬಟ್ಟೆ, ಎದೆಯಿಂದ ಕಣಕಾಲಿನವರೆಗೆ.
ಇಲ್ಲದವಳಿಗೆ ಗೋಣಿಯಷ್ಟು ಒರಟು,
ಉಳ್ಳವಳಿಗೆ ಮೈ ಕಾಣುವಷ್ಟು ತೆಳು. ಇದನ್ನು ಹೇಳಲಿಲ್ಲ.
ಬೋಳಿಸಿದ ತಲೆಗೆ ಚೌರಿ ಹೆಣೆದ ಟೋಪಿ,
ಕಣ್ಣಿಗೆ ಕಲ್ಲು ಅರೆದ ಕಾಡಿಗೆ, ಗಂಡಸರಿಗೂ.
ಮಂಡಿಯೂರಿ ಹಿಟ್ಟು ಅರೆದು ಅರೆದು
ಮೊಣಕಾಲ ಮೂಳೆ ಸವೆದಿರಬೇಕು.
ನಮ್ಮವ್ವ ಮಂಚಮ್ಮ ರಾಗಿ ಬೀಸುವಾಗ
ಒಂದು ಕಾಲು ಚಾಚಿ ಕೂರುತ್ತಿದ್ದಳು. ಇದನ್ನೂ ಹೇಳಲಿಲ್ಲ.

ಬೋರ್ಡಿಗೆ ಅಡ್ಡ ಗೆರೆ ಎಳೆದು 'ಸ್ಥಾನಮಾನ' ಎಂದು ಬರೆದೆ.
ಅವಳಿಗೆ ಹೊಲವಿತ್ತು, ಬೇಕಾದರೆ ಮಾರಬಹುದಿತ್ತು.
ತವರಿನ ಪಾಲು ಅಣ್ಣತಮ್ಮಂದಿರ ಸಮಕ್ಕೆ.
ಗಂಡನನ್ನು ಬಿಟ್ಟರೂ ತಂದದ್ದು ಅವಳದೇ.
ಮುದಿಗಾಲಕ್ಕೆ ನೋಡಿಕೊಳ್ಳದ ಮಕ್ಕಳಿಗೆ
ಒಂದು ಕುಡಿಕೆಯನ್ನೂ ಕೊಡೆನೆಂದು
ಸಾಕ್ಷಿಗಳ ಎದುರು ಹೇಳಿಬಿಡಬಹುದಿತ್ತು.
ಕರೆಯುತ್ತಿದ್ದುದು: ಮನೆಯೊಡತಿ.
ಓದು ಬರಹ ಮಾತ್ರ ಬಹುಪಾಲು ಬಾರದು;
ಅವಳು ಹೇಳುವುದು, ಬರೆಯುವವನು ಬರೆಯುವುದು.
ಅವನ ಹಲಗೆಯಲ್ಲಿ ಎರಡು ಗುಣಿ, ಕಪ್ಪು ಮಸಿ, ಕೆಂಪು ಮಸಿ.

ಹಿಂದಿನ ಬೆಂಚಿನಿಂದ ಸಾನಿಯಾ:
'ಅವರಣ್ಣಂದಿರು ಒಪ್ಪುದ್ರಾ ಮಿಸ್?'
ಗಂಟೆ ಹೊಡೆಯಿತು.

ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ
ಮಂಡ್ಯದ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದಿನ ಹೊಂಗೆ ಮರ.
ಕೆಂಪರಾಜಣ್ಣ, ಬೋರಲಿಂಗಣ್ಣ, ಅವರ ಕಾರು,
ಕವರಿನಲ್ಲಿ ಸೀರೆ, ಅರಿಶಿನ ಕುಂಕುಮದ ಬಾಬ್ತು ಎರಡು ಲಕ್ಷದ ಚೆಕ್ಕು.
'ತಂಗವ್ವಾ, ಒಂದ್ ಸೈನು ಅಷ್ಟೇಯ.
ಮಳವಳ್ಳಿಯೋರತ್ರ ಅಡ್ವಾನ್ಸ್ ಇಸ್ಕೊಂಡ್ಬುಟ್ಟಿದೀವಿ.'
ಆ ನದಿಯವರು ಒಲಿದ ಹೆಣ್ಣನ್ನು ತಂಗಿ ಎನ್ನುತ್ತಿದ್ದರು,
ಅವರ ಅಕ್ಕರೆಗೆ ಅದೇ ಪದ.
ನಮ್ಮದೂ ಅಕ್ಕರೆಯ ಪದವೇ,
ಈ ಹೊಂಗೆ ಮರದ ಕೆಳಗೆ ಹೆಚ್ಚು ಕೇಳಿಸುತ್ತದೆ.

ಓದಿದೆ.
'ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ…'
ಚೆಕ್ಕುಬಂದಿ. ಪೂರ್ವಕ್ಕೆ ನಾಲೆ.
(ಲಂಗಕ್ಕೆ ಗಾಳಿ ತುಂಬಿ ಬುಗ್ಗೆ ಮಾಡಿಕೊಂಡು ಈಜು ಕಲಿತದ್ದು ಅಲ್ಲೇ.)
ಪಶ್ಚಿಮಕ್ಕೆ ಸಣ್ಣಮೊಗೇಗೌಡರ ಕಬ್ಬಿನ ಗದ್ದೆ.
ಉತ್ತರಕ್ಕೆ ಬಂಡಿದಾರಿ.
ದಕ್ಷಿಣಕ್ಕೆ ಸರ್ಕಾರಿ ಹಳ್ಳ.
ಅವ್ವ ಬಟ್ಟೆ ಒಗೆಯುತ್ತಿದ್ದ ಕಲ್ಲು ಎಲ್ಲೂ ಇಲ್ಲ.
ಒಟ್ಟು ಇಪ್ಪತ್ತಾರು ಗುಂಟೆ,
ಮೂರರಿಂದ ಭಾಗಿಸಿದರೆ ಎಂಟು ಚಿಲ್ಲರೆ.

ಮೇಲೆ ದಪ್ಪಕ್ಷರದಲ್ಲಿ: ಅಕ್ಕುಬಿಡುಗಡೆ ಪತ್ರ.

ನಮ್ಮ ಸೀಮೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ,
ಹಾಲು ಆಲು, ಹಸು ಅಸು, ಹೆಣ್ಣು ಎಣ್ಣು.
ಮಾತಿಗೆ ಅದು ಚೆಂದವೇ, ನನ್ನ ಮಾತೂ ಅದೇ.
ಬರವಣಿಗೆಯಲ್ಲಿ ಮಾತ್ರ
ಇಪ್ಪತ್ತೆರಡು ವರ್ಷದಿಂದ ನೋಟುಬುಕ್ಕು ನೋಟುಬುಕ್ಕು ಹುಡುಕಿದ್ದೇನೆ.
ಚೀಲದೊಳಗಿಂದ ಕೆಂಪು ಪೆನ್ನು ಬಂತು,
ನಾನು ತೆಗೆದೆನೋ, ಅದೇ ಬಂತೋ.
ಅಕಾರಕ್ಕೆ ಕಾಟು, ತಲೆಯ ಮೇಲೆ ಹ.
ಮೊದಲ ಪುಟ, ಎರಡನೇ ಪುಟ,
ಒಟ್ಟು ಹನ್ನೊಂದು ಕಡೆ.

ಪತ್ರ ಬರೆಯುವ ಚನ್ನಾಚಾರಿ ಹಣೆ ಚಚ್ಚಿಕೊಂಡ:
'ಸ್ಟಾಂಪ್ ಪೇಪರ್ ಮೇಲೆ ಕೆಂಪಿಂಕಾ ಮೇಡಮ್ಮೋರೇ!
ನಡಿಯಾಕಿಲ್ಲ ಇದು, ಪೂರ್ತಿ ಒಸದಾಗಿ ಮಾಡಿಸ್ಬೇಕು.
ಇವತ್ತಿನ ಟೋಕನ್ನೂ ಮುಗೀತು.'
ಒಸದು, ಎಂದ ಅವನೂ.

ಬೋರಲಿಂಗಣ್ಣ ಕಾರಿನ ಬಾಗಿಲು ಜೋರಾಗಿ ಹಾಕಿದ.
ಕೆಂಪರಾಜಣ್ಣ ನನ್ನನ್ನೇ ನೋಡಿದ.
ನನ್ನ ಮುಖ ಬಸ್ ಸ್ಟ್ಯಾಂಡಿನ ಕಡೆಗಿತ್ತು,
ಕಣ್ಣು ಅಲ್ಲಿರಲಿಲ್ಲ.
'ಸೋಮವಾರ ಬೆಳಿಗ್ಗೆನೇ ಬಂದ್ಬುಡವ್ವ.'
ಸೋಮವಾರ ಆಗುವುದಿಲ್ಲ ಎಂದೆ.
ಮೊದಲ ಪೀರಿಯಡ್ಡಿಗೆ ಒಂದು ಪ್ರಶ್ನೆ ಬಾಕಿಯಿದೆ.